ಪಾಸ್‌ವರ್ಡ್ ಕೇಳದೆ ನಿಂತ ಲಿನಕ್ಸ್ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಗಿರಾಕಿಗಳ ಕಾಗದಪತ್ರ ಕಂಪ್ಯೂಟರಿನಲ್ಲಿದ್ದರೆ ಡಿಸ್ಕ್‌ಗೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ಬೀಗ) ಹಾಕಿ ಎಂಬ ಸಲಹೆ ಈಗ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂದ ಮೇಲೆ ನಮ್ಮ ಕಲಬುರಗಿಯ ಆಡಿಟರ್‌ಗಳು, ವಕೀಲರು, ಲ್ಯಾಬ್ ನಡೆಸುವವರು ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಒಳ್ಳೆಯದೇ ಆಯಿತು. ಕಂಪ್ಯೂಟರ್ ಕಳುವಾದರೂ ಒಳಗಿನ ಪ್ಯಾನ್, ಆಧಾರ್, ಬ್ಯಾಂಕ್ ವಿವರ ಕಳ್ಳನಿಗೆ ಸಿಗುವುದಿಲ್ಲ. ಆದರೆ ಅದೇ ಡಿಸ್ಕ್ ಒಂದು ಬೆಳಿಗ್ಗೆ ಮಾಲೀಕನಿಗೇ ತೆರೆಯದೆ ನಿಂತರೆ ಏನು ಮಾಡಬೇಕು? ಅದನ್ನು ಯಾರೂ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ನಾನು ಇಲ್ಲಿನ ಕೆಲವು ತೊಗರಿ ಬೇಳೆ ಮಿಲ್ಲುಗಳ, ಆಡಿಟರ್ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವಳು. ಅವುಗಳಲ್ಲಿ ಜಾಸ್ತಿ ಉಬುಂಟು ಎಂಬ ಲಿನಕ್ಸ್ ಇರುವಂಥವು. ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ ಬೇಕು ಎಂದು ಟಿಕ್ ಹಾಕಿದರೆ ಉಬುಂಟು ಎರಡು ಕೆಲಸ ಮಾಡುತ್ತದೆ. ಡಿಸ್ಕಿನ ಪಾರ್ಟಿಷನ್‌ಗೆ, ಅಂದರೆ ಒಂದು ಭಾಗಕ್ಕೆ, ಲಕ್ಸ್ ಎಂಬ ಬೀಗ ಹಾಕುತ್ತದೆ. ಆ ಬೀಗದ ಒಳಗೆ ಎಲ್‌ವಿಎಂ ಎಂಬ ವ್ಯವಸ್ಥೆಯಿಂದ ಲಾಜಿಕಲ್ ವಾಲ್ಯೂಮ್‌ಗಳನ್ನು, ಅಂದರೆ ಬೇಕಾದಂತೆ ಹಿಗ್ಗಿಸಬಹುದಾದ ಭಾಗಗಳನ್ನು ಕೂರಿಸುತ್ತದೆ. ಇಡೀ ಸಿಸ್ಟಮ್ ಇರುವುದು ಆ ವಾಲ್ಯೂಮಿನಲ್ಲಿ. ಇದೇನು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. ಲಕ್ಸ್ ಶುರುವಾಗಿದ್ದು 2004ರಲ್ಲಿ, ಜಗತ್ತಿನಾದ್ಯಂತ ಸರ್ವರ್‌ಗಳು ಇದನ್ನೇ ನಂಬಿ ನಡೆಯುತ್ತಿವೆ.

ಈ ಬೇಸಿಗೆಯಲ್ಲಿ ಒಂದು ಆಡಿಟರ್ ಕಚೇರಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತಿತ್ತು, ಕಂಪ್ಯೂಟರ್ ಅಲ್ಲೇ ಆಫ್ ಆಯಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಎಂದಿನ ಪಾಸ್‌ವರ್ಡ್ ಪೆಟ್ಟಿಗೆ ಬರಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ಕಪ್ಪು ಪರದೆ ಮೇಲೆ ಬಿಳಿ ಅಕ್ಷರಗಳು ಬಂದವು. ರೂಟ್ ಫೈಲ್ ಸಿಸ್ಟಮ್‌ಗೆ (ಇಡೀ ಸಿಸ್ಟಮ್ ಇರುವ ವಾಲ್ಯೂಮಿಗೆ) ಕಾದು ಸಾಕಾಯಿತು ಎಂಬ ಸಾಲು. ಕೆಳಗೆ 'ಅಲರ್ಟ್! /ಡೆವ್/ಮ್ಯಾಪರ್/ವಿಜಿಉಬುಂಟು-ರೂಟ್ ಡಸ್ ನಾಟ್ ಎಗ್ಸಿಸ್ಟ್', ಅಂದರೆ ಆ ವಾಲ್ಯೂಮೇ ಇಲ್ಲ ಎಂದು. ಕೊನೆಗೆ ಬ್ರಾಕೆಟ್ಟಿನಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಅಂತ ಬರೆದು, ಮಿಟುಕುವ ಗೀಟು.

ಕಚೇರಿಯವರು ಹೆದರಿ ಒಂದು ರಿಪೇರಿ ಅಂಗಡಿಗೆ ಒಯ್ದರು. ಅಲ್ಲಿ ಡಿಸ್ಕ್ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದರು. ಲಕ್ಸ್ ಬೀಗ ಇರುವ ಡಿಸ್ಕ್ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. 'ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಅದು ಕೇಳಿತು. ಅಂಗಡಿಯವರು ಅದನ್ನೇ ತೋರಿಸಿ, "ಹಾರ್ಡ್ ಡಿಸ್ಕ್ ಹೋಗ್ಯಾದ್ರಿ, ಫಾರ್ಮ್ಯಾಟ್ ಹೊಡೀಬೇಕು" ಎಂದರು. ಕಚೇರಿಯಲ್ಲಿ ಟೈಪಿಂಗ್ ಮಾಡುವ ಹೆಣ್ಣುಮಗಳು "ತಡೀರಿ, ಒಂದು ಮಾತು ಕೇಳೋಣ" ಎಂದು ನನಗೆ ಫೋನ್ ಮಾಡಿದಳು. ಆ ಒಂದು ಮಾತಿನಿಂದ ನೂರಾರು ಜನರ ಲೆಕ್ಕಪತ್ರ ಉಳಿಯಿತು. ಆಕೆಗೆ ಕಂಪ್ಯೂಟರ್ ವಿದ್ಯೆ ಅಂತ ಯಾರೂ ಕಲಿಸಿರಲಿಲ್ಲ. ಆದರೂ ಅವಸರ ಮಾಡಬಾರದು ಎಂಬುದು ಗೊತ್ತಿತ್ತು. ನನಗೆ ಅವಳ ಮೇಲೆ ಬಹಳ ಗೌರವ.

ಡಿಸ್ಕ್ ಸತ್ತಿರಲಿಲ್ಲ. ಡೇಟಾ ಪೂರ್ತಿ ಇತ್ತು. ಕರೆಂಟ್ ಹೋಗಿದ್ದು ಕೂಡ ಕಾರಣ ಅಲ್ಲ. ಹಾಗಾದರೆ ಏನಾಗಿತ್ತು ಎಂದು ತಿಳಿಯಲು, ಇಂಥ ಕಂಪ್ಯೂಟರ್ ಆನ್ ಆಗುವ ಬಗೆಯನ್ನು ಸ್ವಲ್ಪ ನೋಡಬೇಕು.

ಡಿಸ್ಕಿನಲ್ಲಿ ಬೂಟ್ ಎಂಬ ಒಂದು ಸಣ್ಣ ಭಾಗಕ್ಕೆ ಬೀಗ ಇರುವುದಿಲ್ಲ. ಸಿಸ್ಟಮ್ ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂ ಅಲ್ಲಿಂದ ಎರಡು ಫೈಲ್ ಓದುತ್ತದೆ. ಒಂದು ಕರ್ನಲ್, ಅಂದರೆ ಸಿಸ್ಟಮಿನ ತಿರುಳು. ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್. ಈ ಎರಡನೆಯದು ಮೆಮೊರಿಯಲ್ಲಿ ಕೆಲವು ಕ್ಷಣ ಮಾತ್ರ ಬದುಕುವ ಪುಟ್ಟ ಲಿನಕ್ಸ್. ಪಾಸ್‌ವರ್ಡ್ ಕೇಳುವುದು ಅದೇ, ಬೀಗ ತೆರೆಯುವುದು ಅದೇ, ಆಮೇಲೆ ಎಲ್‌ವಿಎಂ ವಾಲ್ಯೂಮ್‌ಗಳನ್ನು ಎಬ್ಬಿಸಿ ನಿಜವಾದ ಸಿಸ್ಟಮ್‌ಗೆ ಕೆಲಸ ಒಪ್ಪಿಸುವುದೂ ಅದೇ. ಈ ಕ್ರಮ ಹಿಂದೆ ಮುಂದೆ ಆಗುವಂತಿಲ್ಲ. ನಮ್ಮ ಕಡೆಯ ಹಗೇವು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಾಯಿಯ ಕಲ್ಲು ಸರಿಸದೆ ಒಳಗೆ ಎಷ್ಟು ಜೋಳ ಇದೆ ಎಂದು ಹೇಳೋಕಾಗುತ್ತಾ? ಲಕ್ಸ್ ತೆರೆಯುವವರೆಗೆ ಎಲ್‌ವಿಎಂಗೂ ತನ್ನ ವಾಲ್ಯೂಮ್‌ಗಳು ಕಾಣುವುದಿಲ್ಲ.

ಇನಿಟ್‌ರಾಮ್‌ಎಫ್‌ಎಸ್ ಫೈಲನ್ನು ಪ್ರತಿ ಹೊಸ ಕರ್ನಲ್ ಬಂದಾಗಲೂ ಸಿಸ್ಟಮ್ ಹೊಸದಾಗಿ ಕಟ್ಟುತ್ತದೆ. ಯಾವ ಪಾರ್ಟಿಷನ್ ತೆರೆಯಬೇಕು, ತೆರೆದ ಮೇಲೆ ಅದಕ್ಕೆ ಯಾವ ಹೆಸರು ಇಡಬೇಕು ಎಂಬುದನ್ನು ಇಟಿಸಿ ಫೋಲ್ಡರಿನ ಕ್ರಿಪ್ಟ್‌ಟ್ಯಾಬ್ ಎಂಬ ಸಣ್ಣ ಫೈಲ್ ನೋಡಿ ತಿಳಿಯುತ್ತದೆ. ಆಡಿಟರ್ ಕಚೇರಿಯಲ್ಲಿ ಎಡವಟ್ಟಾಗಿದ್ದು ಅಲ್ಲಿ. ಸ್ಕ್ಯಾನ್ ಮಾಡಿದ ಕಾಗದ ಇಡಲು ಎರಡನೇ ಡಿಸ್ಕ್ ಹಾಕಿಸಿದ್ದರು. ಅದನ್ನು ಹಾಕಿಕೊಟ್ಟವರು ಕ್ರಿಪ್ಟ್‌ಟ್ಯಾಬ್‌ನಲ್ಲಿ ಹೊಸ ಡಿಸ್ಕಿನ ಸಾಲು ಬರೆಯುವಾಗ ಹಳೆಯ ಸಾಲಿನ ಮೇಲೇ ಬರೆದುಬಿಟ್ಟಿದ್ದರು. ಆವತ್ತು ಏನೂ ಆಗಲಿಲ್ಲ. ಆಮೇಲೆಯೂ ಎಷ್ಟೋ ದಿನ ಕಂಪ್ಯೂಟರ್ ಸರಿಯಾಗಿಯೇ ಓಡಿತು. ಯಾಕೆಂದರೆ ಆಗಲೇ ಕಟ್ಟಿಟ್ಟಿದ್ದ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಹಳೆಯ ಸರಿಯಾದ ಸಾಲು ಇತ್ತು. ನಂತರ ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂತು. ಅದಕ್ಕಾಗಿ ಕಟ್ಟಿದ ಹೊಸ ಫೈಲಿನಲ್ಲಿ ಮೊದಲ ಡಿಸ್ಕ್ ತೆರೆಯುವ ಸೂಚನೆಯೇ ಇರಲಿಲ್ಲ. ಕಟ್ಟುವಾಗ ಸಿಸ್ಟಮ್ ಒಂದು ಎಚ್ಚರಿಕೆ ಸಾಲು ಬರೆಯುತ್ತದೆ, ಆದರೆ ಅಪ್‌ಡೇಟ್ ತಾನಾಗಿಯೇ ಹಿಂದೆ ನಡೆಯುವಾಗ ಅದನ್ನು ಯಾರು ಓದುತ್ತಾರೆ? ಕಚೇರಿಯ ಕಂಪ್ಯೂಟರ್ ಆಫ್ ಆಗುವುದೇ ಅಪರೂಪ, ರಾತ್ರಿ ಸಸ್ಪೆಂಡ್ ಮಾಡಿ ಹೋಗುತ್ತಾರೆ. ಕರೆಂಟ್ ಹೋಗಿ ಮತ್ತೆ ಆನ್ ಆದಾಗ ಹೊಸ ಕರ್ನಲ್ ಮೊದಲ ಸಲ ಎದ್ದಿತು, ನಿಂತಿತು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ತೀರಾ ಸುಲಭ. ಆನ್ ಮಾಡುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನು ತನ್ನಿ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಇರುತ್ತದೆ. ಅದನ್ನು ಆರಿಸಿ. ನಾನು ಡಿಸ್ಕನ್ನು ವಾಪಸ್ ಕೂರಿಸಿ ಹಾಗೇ ಮಾಡಿದೆ, ಪಾಸ್‌ವರ್ಡ್ ಪೆಟ್ಟಿಗೆ ಬಂತು, ಸಿಸ್ಟಮ್ ತೆರೆಯಿತು. ಆಮೇಲೆ ಕ್ರಿಪ್ಟ್‌ಟ್ಯಾಬ್ ಸರಿಪಡಿಸಿ, 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಕಮಾಂಡನ್ನು ಎಲ್ಲ ಕರ್ನಲ್‌ಗಳಿಗೂ ಓಡಿಸಿದರೆ ಮುಗಿಯಿತು.

ಹಳೆಯ ಕರ್ನಲ್ ಕೂಡ ಏಳದಿದ್ದರೆ? ಆಗ ಆ ಕಪ್ಪು ಪರದೆಯನ್ನು ಗಮನವಿಟ್ಟು ಓದಬೇಕು. ಪಾಸ್‌ವರ್ಡ್ ಕೇಳಲೇ ಇಲ್ಲವೋ, ಕೇಳಿ ತಿರಸ್ಕರಿಸಿತೋ, ಒಪ್ಪಿಕೊಂಡ ಮೇಲೆ ನಿಂತಿತೋ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಇಲ್ಲೊಂದು ಸಾಲು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಪಾಸ್‌ವರ್ಡ್ ಕೇಳುವ ಮೊದಲೇ 'ವಾಲ್ಯೂಮ್ ಗ್ರೂಪ್ ನಾಟ್ ಫೌಂಡ್' (ಎಲ್‌ವಿಎಂ ವಾಲ್ಯೂಮ್‌ಗಳ ಗುಂಪು ಸಿಗಲಿಲ್ಲ) ಎಂದು ಪರದೆ ಮೇಲೆ ಬರಬಹುದು. ಉಬುಂಟು, ಅದರ ಮೂಲವಾದ ಡೆಬಿಯನ್ ಎರಡರಲ್ಲೂ ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಇದು ಬರುತ್ತದೆ. ಬೀಗ ತೆರೆಯುವ ಮುಂಚೆ ಎಲ್‌ವಿಎಂ ಒಮ್ಮೆ ಇಣುಕಿ ನೋಡುತ್ತದೆ, ಏನೂ ಸಿಗುವುದಿಲ್ಲ, ಅಷ್ಟೇ. ಪಾಸ್‌ವರ್ಡ್ ಕೊಟ್ಟ ಮೇಲೂ ಅದೇ ಸಾಲು ಬಂದರೆ ಮಾತ್ರ ಚಿಂತೆ.

ಪಾಸ್‌ವರ್ಡ್ ಕೇಳದಿದ್ದರೆ ಆ ಪರದೆಯಲ್ಲೇ 'ಬ್ಲಾಕ್‌ಐಡಿ' (blkid) ಎಂಬ ಕಮಾಂಡ್ ಕೊಟ್ಟು ನೋಡಿ. ಪಾರ್ಟಿಷನ್ ಎದುರು 'ಕ್ರಿಪ್ಟೊ_ಲಕ್ಸ್' ಎಂದು ಬಂದರೆ ಸಮಾಧಾನ, ಡಿಸ್ಕ್ ಕಾಣುತ್ತಿದೆ, ಬೀಗದ ಗುರುತೂ ಇದೆ. ಇನಿಟ್‌ರಾಮ್‌ಎಫ್‌ಎಸ್ ಒಳಗೆ ಲಕ್ಸ್ ಬೀಗ ತೆರೆಯುವ ಕ್ರಿಪ್ಟ್‌ಸೆಟಪ್ ಪ್ರೋಗ್ರಾಂ ಇದ್ದರೆ ಕೈಯಿಂದಲೇ ತೆರೆಯಬಹುದು. ಕ್ರಿಪ್ಟ್‌ಸೆಟಪ್ ಓಪನ್, ನಂತರ ಎಲ್‌ವಿಎಂ ವಿಜಿಚೇಂಜ್ ಎವೈ (lvm vgchange -ay), ಕೊನೆಗೆ ಎಗ್ಸಿಟ್. ಬೂಟ್ ಮುಂದುವರಿಯುತ್ತದೆ. ಕ್ರಿಪ್ಟ್‌ಸೆಟಪ್ ಅಲ್ಲಿ ಇಲ್ಲವೇ ಇಲ್ಲ ಎಂದರೆ ಪೆನ್‌ಡ್ರೈವಿನಿಂದಲೇ ಓಡುವ ಲೈವ್ ಉಬುಂಟು ಎಬ್ಬಿಸಿ ಸರಿಪಡಿಸಬೇಕು. ಬೀಗ ತೆರೆದು, ವಾಲ್ಯೂಮ್ ಎಬ್ಬಿಸಿ, ರೂಟನ್ನು ಮೌಂಟ್ ಮಾಡಿ (ಒಂದು ಫೋಲ್ಡರಿಗೆ ಜೋಡಿಸಿ), ಬೂಟ್ ಭಾಗವನ್ನೂ ಅದರ ಜಾಗದಲ್ಲಿ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಎಂಬ ಸಿಸ್ಟಮ್ ಫೋಲ್ಡರುಗಳನ್ನೂ ಅದಕ್ಕೆ ಬೈಂಡ್ ಮಾಡಿ, ಸಿಎಚ್‌ರೂಟ್ ಕಮಾಂಡ್ ಮೂಲಕ ಆ ಸಿಸ್ಟಮಿನ ಒಳಗೆ ಹೋಗಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು. ಬೂಟ್ ಭಾಗ ಮೌಂಟ್ ಮಾಡುವುದನ್ನು ಬಿಟ್ಟರೆ ಹೊಸ ಫೈಲ್ ಬೇರೆಲ್ಲೋ ಹೋಗಿ ಕೂರುತ್ತದೆ, ಗ್ರಬ್‌ಗೆ ಮತ್ತೆ ಹಳೆಯದೇ ಸಿಗುತ್ತದೆ.

ಇದರಲ್ಲಿ ಒಂದು ಜಾಗದಲ್ಲಿ ತಿಳಿದವರೂ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಾರೆ, ಅದನ್ನು ಬಿಡಿಸಿ ಹೇಳಲೇಬೇಕು. ಲೈವ್ ಉಬುಂಟುವಿನಲ್ಲಿ ಡಿಸ್ಕಿನ ಚಿತ್ರದ ಮೇಲೆ ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಟ್ಟರೆ ಅದು ತೆರೆಯುತ್ತದೆ. ಆದರೆ 'ಲಕ್ಸ್-' ಎಂದು ಶುರುವಾಗಿ ಮುಂದೆ ಉದ್ದದ ಯುಯುಐಡಿ (ಪಾರ್ಟಿಷನ್ನಿನ ಗುರುತು ಸಂಖ್ಯೆ) ಇರುವ ಹೆಸರಿನಲ್ಲಿ ತೆರೆಯುತ್ತದೆ. ಕ್ರಿಪ್ಟ್‌ಟ್ಯಾಬ್ ಒಳಗೆ ಇರುವ ಹೆಸರು 'ಎಸ್‌ಡಿಎ3_ಕ್ರಿಪ್ಟ್' ಎಂಬಂಥದ್ದು. ಎರಡೂ ಹೊಂದದಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಪ್ರೋಗ್ರಾಂಗೆ ಇದೇ ಆ ಡಿಸ್ಕ್ ಎಂದು ಗೊತ್ತಾಗುವುದಿಲ್ಲ. ಒಂದು ಎಚ್ಚರಿಕೆ ಬರೆದು, ಬೀಗ ತೆರೆಯುವ ಸೂಚನೆ ಇಲ್ಲದೆಯೇ ಫೈಲ್ ಕಟ್ಟಿ ಮುಗಿಸುತ್ತದೆ. ಎಲ್ಲ ಸರಿ ಮಾಡಿದೆವು ಎಂದು ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಪ್ಪು ಪರದೆ. ಆದ್ದರಿಂದ ಟರ್ಮಿನಲ್‌ನಲ್ಲೇ, ಕ್ರಿಪ್ಟ್‌ಟ್ಯಾಬ್‌ನಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಕೊಟ್ಟು ತೆರೆಯಬೇಕು. ಕಟ್ಟಿದ ಮೇಲೆ 'ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್' ಓಡಿಸಿ ಆ ಫೈಲಿನೊಳಗೆ ಕ್ರಿಪ್ಟ್‌ಸೆಟಪ್ ಕೂತಿದೆಯೋ ಇಲ್ಲವೋ ನೋಡಿಕೊಂಡೇ ರೀಸ್ಟಾರ್ಟ್ ಮಾಡಬೇಕು. ಕ್ರಿಪ್ಟ್‌ಸೆಟಪ್-ಇನಿಟ್‌ರಾಮ್‌ಎಫ್‌ಎಸ್ ಎಂಬ ಪ್ಯಾಕೇಜ್ ಯಾವಾಗಲೋ ಅಳಿಸಿ ಹೋಗಿದ್ದರೂ ಇದೇ ಫಜೀತಿ. ಫೆಡೋರಾದಂಥ ಬೇರೆ ಲಿನಕ್ಸ್‌ಗಳಲ್ಲಿ ಈ ಕೆಲಸಕ್ಕೆ ಡ್ರಾಕಟ್ ಇದೆ, ದಾರಿ ಹೆಚ್ಚುಕಡಿಮೆ ಒಂದೇ.

ಪಾಸ್‌ವರ್ಡ್ ಕೇಳಿ ತಿರಸ್ಕರಿಸುವುದು ಬೇರೆ ಕಥೆ. ಲೆಕ್ಕ ಬರೆಯುವವರ ಕಚೇರಿಯಲ್ಲಿ ನಾನು ಮೊದಲು ನೋಡುವುದು ನಂಬರ್ ಪ್ಯಾಡ್. ಅವರ ಕೈ ಅಂಕಿಗಳಿಗೆ ತಾನಾಗಿಯೇ ಬಲಗಡೆ ಹೋಗುತ್ತದೆ. ಆ ಹೊತ್ತಿನಲ್ಲಿ ನಮ್‌ಲಾಕ್ ಆಫ್ ಇದ್ದರೆ ಅಂಕಿ ಬೀಳುವುದೇ ಇಲ್ಲ, ಪರದೆ ಮೇಲೆ ಕಾಣುವುದೂ ಇಲ್ಲ. ಮೇಲಿನ ಸಾಲಿನ ಅಂಕಿ ಒತ್ತಿಸಿ ನೋಡಿ. ಇನ್ನೊಂದು ಕೀಬೋರ್ಡ್ ಲೇಔಟ್. ಇನ್‌ಸ್ಟಾಲ್ ಮಾಡುವಾಗ ಇಂಗ್ಲಿಷ್ ಯುಕೆ ಆರಿಸಿದ್ದು, ಬೂಟ್ ಹೊತ್ತಿನಲ್ಲಿ ಯುಎಸ್ ಲೇಔಟ್ ಬಂದರೆ 'ಅಟ್' ಚಿಹ್ನೆಯೂ ಡಬಲ್ ಕೋಟ್ ಚಿಹ್ನೆಯೂ ಅದಲುಬದಲಾಗುತ್ತವೆ. ನಾವು ಕನ್ನಡದವರು ಕಗಪ ಲೇಔಟ್ ಹಾಕಿಕೊಂಡೇ ಕೆಲಸ ಮಾಡುತ್ತೇವೆ. ಡಿಸ್ಕಿನ ಪಾಸ್‌ವರ್ಡ್ ಬದಲಿಸುವಾಗ ಕೀಬೋರ್ಡ್ ಯಾವುದರಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಬೂಟ್ ಪರದೆಯಲ್ಲಿ ಆ ಅಕ್ಷರಗಳನ್ನು ಒತ್ತಲು ಆಗದೆ ಹೋಗಬಹುದು.

ಪಾಸ್‌ವರ್ಡ್ ಒಪ್ಪಿಕೊಂಡೂ ರೂಟ್ ಸಿಗದಿದ್ದರೆ ಎಲ್‌ವಿಎಂ ಕಡೆ ನೋಡಬೇಕು. ವಾಲ್ಯೂಮ್ ಗ್ರೂಪಿನ ಹೆಸರು ಬದಲಿಸಿ, ಎಫ್‌ಎಸ್‌ಟ್ಯಾಬ್ ಎಂಬ ಮೌಂಟ್ ಪಟ್ಟಿಯ ಫೈಲಿನಲ್ಲಿ ಮತ್ತು ಗ್ರಬ್‌ನಲ್ಲಿ ಹಳೆಯ ಹೆಸರೇ ಬಿಟ್ಟಿರಬಹುದು. ನಾನು ಕಂಡದ್ದು ಮಾತ್ರ ಬೇರೆ. ಒಂದು ಬೇಳೆ ಮಿಲ್ಲಿನಲ್ಲಿ ಜಾಗ ಸಾಲದೆ ಎರಡನೇ ಡಿಸ್ಕನ್ನು ಅದೇ ವಾಲ್ಯೂಮ್ ಗ್ರೂಪಿಗೆ ಸೇರಿಸಿ ರೂಟನ್ನು ಹಿಗ್ಗಿಸಿದ್ದರು. ಮಿಲ್ಲಿನ ಹೊಟ್ಟು ಧೂಳು ಎಲ್ಲೆಲ್ಲಿ ಹೋಗುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಸಾಟಾ ಕೇಬಲ್ ಕೂರುವ ಜಾಗದಲ್ಲಿ ಧೂಳು ತುಂಬಿ, ಎರಡನೇ ಡಿಸ್ಕ್ ಕಾಣದೆ ಹೋಗಿತ್ತು. ಒಂದು ಡಿಸ್ಕ್ ಕಡಿಮೆ ಇದ್ದರೆ ಅರ್ಧಂಬರ್ಧ ವಾಲ್ಯೂಮನ್ನು ಎಬ್ಬಿಸಲು ಎಲ್‌ವಿಎಂ ಒಪ್ಪುವುದಿಲ್ಲ, 'ರಿಫ್ಯೂಸಿಂಗ್ ಆಕ್ಟಿವೇಷನ್ ಆಫ್ ಪಾರ್ಷಿಯಲ್ ಎಲ್‌ವಿ' ಎನ್ನುತ್ತದೆ. ಅದು ಒಪ್ಪದಿರುವುದೇ ನಮ್ಮ ಪುಣ್ಯ. ಕೇಬಲ್ ತೆಗೆದು, ಒರೆಸಿ, ಮತ್ತೆ ಕೂರಿಸಿದೆವು, ಎದ್ದಿತು. ಇಂಥ ಹೊತ್ತಿನಲ್ಲಿ ಕೆಲವರು 'ವಿಜಿರೆಡ್ಯೂಸ್' ಕಮಾಂಡಿಗೆ 'ರಿಮೂವ್‌ಮಿಸ್ಸಿಂಗ್', 'ಫೋರ್ಸ್' ಎಂದು ಸೇರಿಸಿ ಕೊಡುತ್ತಾರೆ. ಕಾಣದ ಡಿಸ್ಕಿನ ಮೇಲೆ ತುಣುಕು ಇರುವ ವಾಲ್ಯೂಮ್‌ಗಳನ್ನೇ ಅದು ಕಿತ್ತುಹಾಕುತ್ತದೆ. ದಯವಿಟ್ಟು ಆ ಕಮಾಂಡ್ ಮುಟ್ಟಬೇಡಿ.

ಈಗ ಫಾರ್ಮ್ಯಾಟ್ ಮಾತಿಗೆ ಬರುತ್ತೇನೆ. ಡೇಟಾದ ಬೀಗಕ್ಕೆ ನಿಜವಾದ ಕೀಲಿ ನಮ್ಮ ಪಾಸ್‌ವರ್ಡ್ ಅಲ್ಲ. ನಿಜವಾದ ಕೀಲಿ ಪಾರ್ಟಿಷನ್ನಿನ ಆರಂಭದಲ್ಲಿ ಲಕ್ಸ್ ಹೆಡರ್ ಎಂಬ ಜಾಗದಲ್ಲಿ ಮುಚ್ಚಿಟ್ಟಿರುತ್ತದೆ. ಈಗಿನ ಲಕ್ಸ್2ರಲ್ಲಿ ಆ ಜಾಗ ಸಾಮಾನ್ಯವಾಗಿ 16 ಎಂಬಿ. ಪಾಸ್‌ವರ್ಡ್ ಆ ಕೀಲಿಯನ್ನು ಹೊರತೆಗೆಯಲು ಮಾತ್ರ. ಕೀಲಿ ಇರುವ ಆ ಜಾಗದ ಮೇಲೆ ಬೇರೇನಾದರೂ ಬರೆದುಹೋದರೆ, ಸರಿಯಾದ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಉಪಯೋಗವಿಲ್ಲ. ಜಗತ್ತಿನ ಯಾವ ರಿಕವರಿ ಕಂಪನಿಯೂ ತೆಗೆದುಕೊಡಲಾರದು. ಮಾಮೂಲಿ ಡಿಸ್ಕ್ ತಪ್ಪಿ ಫಾರ್ಮ್ಯಾಟ್ ಆದರೆ ಒಂದಷ್ಟು ಫೈಲ್ ವಾಪಸ್ ಸಿಗುತ್ತವೆ, ಇಲ್ಲಿ ಆ ಆಸೆಯೂ ಇಲ್ಲ. ಎಸ್‌ಎಸ್‌ಡಿ ಆಗಿದ್ದರಂತೂ ವಿಂಡೋಸಿನ ಕ್ವಿಕ್ ಫಾರ್ಮ್ಯಾಟ್ ಕೂಡ ಟ್ರಿಮ್ ಆದೇಶ ಕಳಿಸಿ ಡಿಸ್ಕನ್ನು ಖಾಲಿ ಮಾಡಿಸುತ್ತದೆ.

ಇದಕ್ಕೆ ಮುಂಚಿತವಾಗಿ ಮಾಡುವ ಕೆಲಸ ಐದು ನಿಮಿಷದ್ದು. ಕ್ರಿಪ್ಟ್‌ಸೆಟಪ್‌ನಲ್ಲೇ 'ಲಕ್ಸ್‌ಹೆಡರ್‌ಬ್ಯಾಕಪ್' ಇದೆ, ಅದರಿಂದ ಹೆಡರಿನ ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಹಾಕಿ ಬೀರುವಿನಲ್ಲಿಡಿ. ಆ ಪ್ರತಿ ಯಾರ ಕೈಗೂ ಸಿಗಬಾರದು. ಪಾಸ್‌ವರ್ಡ್ ಬದಲಿಸಿದ ಮೇಲೂ ಹಳೆಯ ಪ್ರತಿ ಹಳೆಯ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ, ಹಾಗಾಗಿ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶ ಮಾಡಿ. ಇಟಿಸಿ ಒಳಗಿನ ಎಲ್‌ವಿಎಂ ಬ್ಯಾಕಪ್ ಫೋಲ್ಡರನ್ನೂ ಅದೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಬೀಗದ ಒಳಗೇ ಇದ್ದರೆ ಬೇಕಾದಾಗ ಸಿಗುವುದಿಲ್ಲ ಅಲ್ವಾ? ಜೊತೆಗೆ ಇನ್ನೊಂದು ಪಾಸ್‌ವರ್ಡ್ ಸೇರಿಸಿ. ಹಳೆಯ ಲಕ್ಸ್‌ನಲ್ಲಿ 8, ಲಕ್ಸ್2ರಲ್ಲಿ 32ರವರೆಗೆ ಕೀಲಿಗಳಿಗೆ ಜಾಗವಿದೆ. ನಮ್ಮ ಊರುಗಳಲ್ಲಿ ಸಿಸ್ಟಮ್ ಹಾಕಿಕೊಟ್ಟ ಹುಡುಗರು ವರ್ಷ ತುಂಬುವುದರೊಳಗೆ ಹೈದರಾಬಾದಿಗೋ ಪುಣೆಗೋ ಹೋಗಿಬಿಡುತ್ತಾರೆ. ಪಾಸ್‌ವರ್ಡ್ ಅವರ ತಲೆಯಲ್ಲಿ ಮಾತ್ರ ಇದ್ದರೆ ಮಾಲೀಕರ ಗತಿ ಏನು? ಎರಡನೇ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಮಾಲೀಕರೇ ಇಟ್ಟುಕೊಳ್ಳಲಿ. ಆದರೆ ಹೆಡರ್ ಪ್ರತಿ ಇರುವ ಬೀರುವಿನಲ್ಲೇ ಅದನ್ನೂ ಇಡುವುದು ಬೇಡ.

ಸಂಪಾದಕರೇ, ಕಲಬುರಗಿ, ಬೀದರ್, ಯಾದಗಿರಿಯ ರಿಪೇರಿ ಅಂಗಡಿಗಳ ಹುಡುಗರು ಕೈಕೆಲಸದಲ್ಲಿ ಯಾರಿಗೂ ಕಡಿಮೆ ಇಲ್ಲ. ಮದರ್‌ಬೋರ್ಡಿನ ಸಣ್ಣ ಬಿಡಿಭಾಗವನ್ನು ಬೆಸೆದು ಬದುಕಿಸುವುದನ್ನು ನಾನೇ ನೋಡಿದ್ದೇನೆ. ಅವರಿಗೆ ಇದನ್ನು ಕನ್ನಡದಲ್ಲಿ ಹೇಳಿಕೊಟ್ಟವರಿಲ್ಲ, ಅಷ್ಟೇ. ನಮ್ಮ ಭಾಗದ ಐಟಿಐ, ಡಿಪ್ಲೊಮಾ ಕಾಲೇಜುಗಳಲ್ಲಿ ಹಾರ್ಡ್‌ವೇರ್ ಕಲಿಸುವ ಮೇಷ್ಟ್ರುಗಳು ಒಂದು ಹಳೆಯ ಕಂಪ್ಯೂಟರಿಗೆ ಲಕ್ಸ್, ಎಲ್‌ವಿಎಂ ಹಾಕಿ, ಕ್ರಿಪ್ಟ್‌ಟ್ಯಾಬ್‌ನ ಸಾಲನ್ನು ಬೇಕೆಂದೇ ಕೆಡಿಸಿ, ಸರಿಮಾಡಿ ಎಂದು ಹುಡುಗರ ಮುಂದಿಡಬೇಕು. ಒಂದು ಮಧ್ಯಾಹ್ನದ ಪಾಠ ಸಾಕು. ನೀವೂ ಮುಂದಿನ ಸಲ ಎನ್‌ಕ್ರಿಪ್ಷನ್ ಹಾಕಿ ಎಂದು ಬರೆಯುವಾಗ, ಹೆಡರ್ ಪ್ರತಿ ಮತ್ತು ಎರಡನೇ ಪಾಸ್‌ವರ್ಡ್ ಬಗ್ಗೆ ನಾಲ್ಕು ಸಾಲು ಸೇರಿಸಿ.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಗಿರಾಕಿ ತಂದ ಡಿಸ್ಕನ್ನು ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ 'ಕ್ಯಾನ್ಸಲ್' ಒತ್ತಿ. ಲೈವ್ ಪೆನ್‌ಡ್ರೈವಿನಿಂದ ಒಮ್ಮೆ ಬ್ಲಾಕ್‌ಐಡಿ ಓಡಿಸಿ. ಕ್ರಿಪ್ಟೊ_ಲಕ್ಸ್ ಎಂದು ಬಂದರೆ ಡಿಸ್ಕನ್ನು ಹಾಗೇ ಬಿಟ್ಟು ಗಿರಾಕಿಗೆ ಫೋನ್ ಮಾಡಿ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಸೇಡಂ ರಸ್ತೆ, ಕಲಬುರಗಿ